ಹಗ್ಗ ಕಟ್ಟಿದ ಬೀದಿ

ಗಾಳಿ ನೂರು ದಾಟಿದ ದಿನ ಪುಂತಾ ಅರೇನಾಸಿನಲ್ಲಿ
ನಗರಸಭೆಯವರು ಚೌಕದ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ.
ಹಿಡಿದು ನಡೆಯಬೇಕು, ಎರಡೂ ಕೈಯಲ್ಲಿ.
ನನಗೋ ಒಂದು ಕೈ ತಲೆವಸ್ತ್ರಕ್ಕೆ ಬೇಕು.

ಹಾಗಾಗಿ ಗೋಡೆ ಸವರಿಕೊಂಡು ಹೋಗುತ್ತೇನೆ,
ಬ್ರೆಡ್ಡಿನಂಗಡಿ, ಔಷಧದಂಗಡಿ, ಮುಚ್ಚಿದ ಬ್ಯಾಂಕು.
ಹಗ್ಗಕ್ಕೆ ಜೋತುಬಿದ್ದವರು ನಗುತ್ತಾರೆ:
"ಏ ನೆಲಿದಾ, ಹಾರಿಹೋಗ್ತೀಯ!"
ಹಾರುವುದು ನಾನಲ್ಲ.

ಗಾಳಿಗೆ ಬಂದರು ಮುಚ್ಚುತ್ತದೆ. ಪೊರ್ವೆನಿರಿಗೆ ದೋಣಿಯಿಲ್ಲ.
ಟಿಕೆಟ್ ಕಿಟಕಿಯ ಹಿಂದೆ ನಾನು, ಒಂದು ಹೀಟರು,
ಕೆಲಸವಿಲ್ಲದ ಎಡಗೈ.
ಅದು ತಾನೇ ಮೇಲೇರುತ್ತದೆ,
ಕುಡಿದ ಸವಾರನನ್ನು ಮನೆ ಮುಟ್ಟಿಸುವ ಕುದುರೆಯ ಹಾಗೆ.

ಕಿವಿಯ ಮೇಲೆ, ಸ್ವಲ್ಪ ಹಿಂದೆ, ಅಲ್ಲಿ ತಡಕುತ್ತದೆ.
ಎಲ್ಲ ಕೂದಲೂ ಬೇಡ ಅದಕ್ಕೆ.
ನಯವಾದದ್ದನ್ನು ಬಿಡುತ್ತದೆ. ಒರಟು,
ಸೊಟ್ಟ, ಬೆರಳ ತುದಿಗೆ ಗರಗರ ಎನ್ನುವಂಥದ್ದು...
ಸಿಕ್ಕಿತು.
ಆಮೇಲೆ ಲೋಕದಲ್ಲಿ ಬೇರೇನೂ ಇಲ್ಲ.
ಒಂದು ಎಳೆತ. ನೋವಲ್ಲ ಅದು,
ಉಂಡ ಮೇಲೆ ಬಿಗಿದ ಗುಂಡಿ ಬಿಚ್ಚಿದ ಹಾಗೆ.
ಬುಡದಲ್ಲಿ ಅಂಟಂಟು ಬಿಳಿಯ ಮೊಳಕೆ,
ತುಟಿಗೆ ತಾಗಿಸುತ್ತೇನೆ. ತಣ್ಣಗಿರುತ್ತದೆ.
ಇದನ್ನು ಯಾರಿಗೂ ಹೇಳಿರಲಿಲ್ಲ.

ಎಷ್ಟು ಹೊತ್ತು? ದೋಣಿಯ ವೇಳಾಪಟ್ಟಿ ಬರೆಯುವವಳು ನಾನೇ,
ಗಡಿಯಾರ ಕಣ್ಣೆದುರಿಗೇ ಇದೆ, ಆದರೂ ಗೊತ್ತಿಲ್ಲ.
ನೋಡಿದವರು ಅಂದುಕೊಳ್ಳುತ್ತಾರೆ, ಪಾಪ,
ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ, ಏನು ಚಿಂತೆಯೋ.
ಚಿಂತೆಯಿಲ್ಲದ ಹೊತ್ತು ಅಂತ ನನಗಿರುವುದೇ ಅದು.

ಚಿಂತೆ ಆಮೇಲೆ.
ಮೇಜಿನ ಕೆಳಗೆ ಬಿದ್ದದ್ದನ್ನು ಒದ್ದೆ ಬೆರಳಲ್ಲಿ ಒತ್ತಿ ಒತ್ತಿ ತೆಗೆದು
ರದ್ದಾದ ಟಿಕೆಟ್ಟಿನಲ್ಲಿ ಸುತ್ತಿ
ಚೀಲದ ತಳಕ್ಕೆ.
ಅಪ್ಪನ ಬಾಟಲಿಗಳೂ ಹೀಗೇ,
ಸೌದೆಯ ಹಿಂದೆ, ಬೂಟಿನೊಳಗೆ,
ಒಮ್ಮೆ ಹಿಟ್ಟಿನ ಡಬ್ಬಿಯಲ್ಲಿ.
ಹುಡುಕಿ ಸಾಲಾಗಿ ಜೋಡಿಸಿಡುತ್ತಿದ್ದವಳು ನಾನು,
ಹನ್ನೊಂದು ವರ್ಷದವಳು, ಸೊಂಟಕ್ಕೆ ಕೈಯಿಟ್ಟು:
"ಬಿಡೋಕೆ ಏನು ಕಷ್ಟ? ಕೈ ಎತ್ತದಿದ್ದರಾಯಿತು."

ಅಪ್ಪ ಬೆಲಾರ್ಮಿನೊ, ಕುರಿಯ ಉಣ್ಣೆ ಕತ್ತರಿಸುವವನು.
ತೊಡೆಗಳ ನಡುವೆ ಕುರಿಯನ್ನು ಕೂರಿಸಿಕೊಂಡು
ಇಡೀ ಉಣ್ಣೆಯನ್ನು ಒಂದೇ ಕಂಬಳಿಯಾಗಿ ಬಿಡಿಸುತ್ತಿದ್ದ,
ಚರ್ಮಕ್ಕೆ ಒಂದು ಗೀರು ಬೀಳದೆ.
ಎಷ್ಟೇ ಕುಡಿದಿದ್ದರೂ ನನ್ನ ಕೂದಲು ಕೊಂಕಿಸಿದವನಲ್ಲ.
ಆ ಕೆಲಸಕ್ಕೆ ನಾನೇ ಇದ್ದೆ.

ಅವನು ಬಿಟ್ಟು ಆರು ವರ್ಷವಾಯಿತು. ಮಂಗಳವಾರ ಅವರ ಕೂಟ,
ಚರ್ಚಿನ ಹಿಂದಿನ ಕೋಣೆ, ಕೆಟಲು, ಹದಿನಾಲ್ಕು ಕುರ್ಚಿ.
ನಾನು ಹೊರಗೆ ಕಾರಿನಲ್ಲಿ ಕಾಯುತ್ತೇನೆ.
ಕಾರು ಕೆಟ್ಟ ಜಾಗ. ಕನ್ನಡಿಯಿದೆ.

ಕಳೆದ ಮಂಗಳವಾರ ಬೇಗ ಹೊರಬಂದ.
ಗಾಜಿಗೆ ಬೆರಳ ಗೆಣ್ಣು ತಟ್ಟಿದ. ವಸ್ತ್ರ ನನ್ನ ಮಡಿಲಲ್ಲಿತ್ತು.
ಅಂಗೈಯಗಲದ ಬೋಳು, ಬೀದಿದೀಪಕ್ಕೆ ಹೊಳೆಯುತ್ತ.
ಸುಳ್ಳು ಹುಡುಕಿದೆ:
ಥೈರಾಯ್ಡು, ಹೊಸ ಶಾಂಪೂ, ಈ ಊರಿನ ನೀರು.
ನೂರು ಸುಳ್ಳು ಕೇಳಿ ಬೆಳೆದವಳಿಗೆ
ನೆಟ್ಟಗೆ ಒಂದು ಹೇಳಲು ಬರಲಿಲ್ಲ.

ಪಕ್ಕದಲ್ಲಿ ಕೂತ. ಯಾಕೆ ಅನ್ನಲಿಲ್ಲ.
"ಬೆಳಿಗ್ಗೆಯಾ ರಾತ್ರಿಯಾ, ಯಾವಾಗ ಜಾಸ್ತಿ?" ಎಂದ,
ಕುಂಟುವ ಕುರಿಯ ಗೊರಸು ನೋಡುವವನ ದನಿಯಲ್ಲಿ.
"ದೋಣಿ ಇಲ್ಲದ ದಿನ."
"ಹೂಂ," ಅಂದ. "ಅಂಥ ದಿನಗಳೇ."
ಮನೆ ಬರುವವರೆಗೆ ಇನ್ನೊಂದೇ ಮಾತು:
"ನಾಳೆ ಗಾಳಿಯಂತೆ."

ಇತ್ತು. ನೂರಾ ಹದಿನೈದು.
ಚೌಕದಲ್ಲಿ, ಹಗ್ಗದ ಆ ತುದಿಗೆ ಅವನು ನಿಂತಿದ್ದ,
ಟೋಪಿಯಿಲ್ಲದೆ, ಬೇರೆಲ್ಲೋ ನೋಡುತ್ತ.
ಬಾ ಎನ್ನಲಿಲ್ಲ.
ಎರಡೂ ಕೈಯಲ್ಲಿ ಹಗ್ಗ ಹಿಡಿದೆ.
ಮೂರೇ ಹೆಜ್ಜೆಗೆ ವಸ್ತ್ರ ಹೋಯಿತು,
ಹಸಿರಿಗೆ ಹಳದಿ ಚುಕ್ಕಿಯದು, ದುಡ್ಡು ಕೊಟ್ಟು ಕೊಂಡದ್ದು,
ಬಂದರಿನ ಕಡೆಗೆ.
ಔಷಧದಂಗಡಿಯವಳು ನೋಡಿದಳು. ನೋಡಲಿ.
ಬೋಳಿಗೆ ಗಾಳಿ ತಾಗಿತು,
ತುಟಿಗೆ ತಾಗುತ್ತಿದ್ದಷ್ಟೇ ತಣ್ಣಗೆ.

ರಾತ್ರಿ ಮತ್ತೆ ಕಿತ್ತೆ. ಒಂಬತ್ತು.
ಎಣಿಸಿದ್ದು ಅದೇ ಮೊದಲು.
ಬೆಳಿಗ್ಗೆ ಕಾಫಿಯ ಮುಂದೆ ಅಪ್ಪನಿಗೆ ಹೇಳಿದೆ.
"ಒಂಬತ್ತಾ," ಅಂದ.
ಬ್ರೆಡ್ಡು ಈಚೆ ದೂಡಿದ.