ಕಂಪೋಸಿಟರ್

ಮಂಡಿಪೇಟೆಯಲ್ಲಿ ಕೊಬ್ಬರಿ ಮೂಟೆ ಇಳಿಯುವ ಹೊತ್ತು.
ಗಿರಾಕಿ ಇಲ್ಲ. ಅಂಗಡಿಯ ಹಳೇ ಮಷೀನಿನ ಮುಂದೆ
ಸೆಟ್ಟಿಂಗು ಬಿಚ್ಚಿಕೊಂಡು ಕೂತಿದ್ದೆ.
ನಾಲ್ಕು ಜಿಬಿಯ ಮುದುಕಿ ಅದು. ಲಿನಕ್ಸ್ ಹಾಕಿದ ಮೇಲೆ
ಸ್ವಲ್ಪ ಸೊಂಟ ನೆಟ್ಟಗಾಗಿದೆ.

ಕಂಪೋಸಿಟರ್: ಚಾಲೂ ಅಥವಾ ಬಂದ್, ಅಂತ ಒಂದು ಸಾಲು.
ಬೆನ್ನ ಹಿಂದಿನಿಂದ ದನಿ:
"ಇದರಲ್ಲಿ ನಾನ್ಯಾಕೆ ಇದ್ದೀನಿ?"

ವೀರಭದ್ರಾಚಾರ್ರು.
ಇದೇ ಅಂಗಡಿ ಪ್ರೆಸ್ಸಾಗಿದ್ದಾಗ
ಮೂವತ್ತೊಂದು ವರ್ಷ ಮೊಳೆ ಜೋಡಿಸಿದವರು.
ಈಗ ದಿನಾ ಮೂರಕ್ಕೆ ಬಂದು ಪ್ರೂಫು ನೋಡುತ್ತಾರೆ,
ಅರ್ಧ ಲೋಟ ಕಾಫಿಗೆ.
ಬೆರಳ ತುದಿಯಲ್ಲಿ ಇನ್ನೂ ಸೀಸದ ಬಣ್ಣ,
ಅಥವಾ ನನಗೆ ಹಾಗೆ ಕಾಣುತ್ತದೆ.

ಇವನು ಬೇರೆ ಕಂಪೋಸಿಟರು, ಆಚಾರ್ರೇ.
ಒಂದೊಂದು ಕಿಟಕಿಯೂ ಒಳಗೆಲ್ಲೋ ತನ್ನ ಪಾಡಿಗೆ ಬರೆದುಕೊಳ್ಳುತ್ತೆ.
ಇವನು ಎಲ್ಲವನ್ನೂ ತಂದು,
ಯಾವುದು ಮೇಲೆ, ಯಾವುದು ಕೆಳಗೆ,
ಯಾರ ಅಂಚು ಯಾರಿಗೆ ತಾಗಬೇಕು ನೋಡಿ
ಸೆಕೆಂಡಿಗೆ ಅರವತ್ತು ಸಲ ಪುಟ ಕಟ್ಟುತ್ತಾನೆ.
"ಅರವತ್ತಾ? ಕೂಲಿ ಎಷ್ಟು?"

ನೆರಳು ತೋರಿಸಿದೆ.
ಬಲಕ್ಕೆ ಎಂಟು ಚುಕ್ಕಿ, ಕೆಳಕ್ಕೆ ಹತ್ತು, ದಟ್ಟಣೆ ಮುಕ್ಕಾಲು.
"ಒತ್ತಕ್ಷರ ಇದ್ದ ಹಾಗಿದೆ.
ಅದಕ್ಕೆ ಖಾನೆಯೇ ಬೇರೆ ಇತ್ತು ನಮ್ಮಲ್ಲಿ.
ಇಷ್ಟು ಕಪ್ಪು ಬೇಡ, ಮಸಿ ಹೆಚ್ಚಾಯಿತು."
ಅರ್ಧಕ್ಕೆ ಇಳಿಸಿದೆ.

ಹಿಡಿದೆಳೆದರೆ ಕಿಟಕಿ ಎಳನೀರಿನ ಗಂಜಿಯ ಹಾಗೆ
ತೊಳತೊಳ ಅಲ್ಲಾಡುವ ಆಟ ಒಂದಿತ್ತು. ಅದನ್ನೂ ಹಚ್ಚಿದೆ.
ನಗು ತಡೆಯಲಿಲ್ಲ ಅವರಿಗೆ.
"ಚೇಸು ಬಿಗಿ ಮಾಡದೆ ಎತ್ತಿದರೆ ಹೀಗೇ ಆಗ್ತಿತ್ತು.
ಒಂದ್ಸಲ ಹಾಲಿನ ಡೇರಿ ವರದಿಯ ಮೂರನೇ ಪುಟ
ಪೂರಾ ನೆಲದ ಮೇಲೆ.
ಮಾಲೀಕರು ಬಯ್ಯಲೂ ಇಲ್ಲ. ಪೊರಕೆ ಕೊಟ್ಟರು."
ಇನ್ನೊಂದ್ಸಲ ಎಳಿ, ಅಂದರು.

ಆಮೇಲೆ ಪಾರದರ್ಶಕತೆ.
ನೂರರಿಂದ ಎಂಬತ್ತಕ್ಕೆ, ಎಂಬತ್ತರಿಂದ ಅರವತ್ತಕ್ಕೆ ಜರುಗಿಸಿದೆ.
ಮೇಲಿದ್ದದ್ದು ಗುಬ್ಬಿ ಕಡೆಯ ಮದುವೆ ಕಾರ್ಡು,
ಅರಿಶಿನದ ಬಣ್ಣ, ಗಣಪತಿಯನ್ನು ಇನ್ನೂ ಕೂರಿಸಿರಲಿಲ್ಲ.
ಅದರೊಳಗಿಂದ ನಿಧಾನ ತೇಲಿ ಬಂತು
ನಿನ್ನೆ ಮಾಡಿಟ್ಟ ಶಿವಗಣಾರಾಧನೆಯ ಪತ್ರ.
ಚಿ॥ ಅಡಿಯಲ್ಲಿ ಲಿಂ॥
ಮುಹೂರ್ತದ ಗಂಟೆಯೊಳಗೆ ಉಸಿರು ನಿಂತ ಗಂಟೆ.

ಒಂದನ್ನು ಮಗ ತಂದಿದ್ದ, ಇನ್ನೊಂದನ್ನು ಮೊಮ್ಮಗ.
ಎರಡನ್ನೂ ಟೈಪು ಮಾಡಿದವಳು ನಾನೇ.
ನನಗೆ ಕಾಣಲಿಲ್ಲ.
ಅಕ್ಷರವನ್ನು ಉಲ್ಟಾ ಓದಿ ಓದಿ ಸವೆದ ಕಣ್ಣಿಗೆ ಕಂಡಿತು:
"ಮನೆ ಹೆಸರು ನೋಡು. ಎರಡೂ ಬಾವಿಮನೆಯವೇ.
ಇಲ್ಲಿ ಹೋಗಿದ್ದಾಳೆ ಹಾಲಮ್ಮ.
ಅಲ್ಲಿ ಸುಖಾಗಮನ ಬಯಸುವವರ ಸಾಲಲ್ಲಿ
ಇನ್ನೂ ನಿಂತಿದ್ದಾಳೆ."

ಫೋನು ಮಾಡಿದೆ. ಆ ಕಡೆ ಟ್ರ್ಯಾಕ್ಟರಿನ ಸದ್ದು,
ಆಮೇಲೆ ಅದೂ ನಿಂತಿತು.
"ತೆಗೀಬೇಡಮ್ಮ," ಅಂದ ಮೊಮ್ಮಗ.
"ಮೇಲಕ್ಕೆ ಹಾಕು. ಆಶೀರ್ವಾದಕ್ಕೆ."
ಏನೋ ಸೇರಿಸಹೋದ, ಇಟ್ಟುಬಿಟ್ಟ.

ಕಾಫಿ ಬಂತು. ಆಚಾರ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು:
"ನಮ್ಮಲ್ಲೂ ಅದೇ ಮೊಳೆ ಕಣಮ್ಮ.
ಬೆಳಿಗ್ಗೆ ಮದುವೆ, ಸಂಜೆ ತಿಥಿ.
ಮಧ್ಯೆ ಸೀಮೆಎಣ್ಣೆಯಲ್ಲಿ ತೊಳೆದು
ಖಾನೆಗೆ ಹಾಕ್ತಿದ್ದೆ, ಅಷ್ಟೇ."

ಕಿಟಕಿಯನ್ನು ಮತ್ತೆ ನೂರಕ್ಕೆ ತಂದೆ. ಆರಾಧನೆಯ ಪತ್ರ ಮುಚ್ಚಿಹೋಯಿತು.
"ಕರೆಂಟು ಹೋದರೆ ನಿನ್ನ ಕಂಪೋಸಿಟರು?"
ಎಲ್ಲ ಬಿಟ್ಟು ಹೋಗ್ತಾನೆ.
"ನನಗೆ ಕತ್ತಲಲ್ಲೂ ಹ ಸಿಗ್ತಿತ್ತು," ಅಂದರು,
ಎಡಗೈ ಚಾಚಿ, ಅಲ್ಲಿಲ್ಲದ ಖಾನೆಯೊಂದಕ್ಕೆ.

ಹಾಲಮ್ಮನನ್ನು ಮೇಲಕ್ಕೆ ಕೂರಿಸಿದೆ, ಲಿಂ॥ ಹಚ್ಚಿ.
ಕಾರ್ಡನ್ನು ಸುಮ್ಮನೆ ಒಂಚೂರು ಎಳೆದೆ.
ಅಲ್ಲಾಡಿತು. ಹೊತ್ತು ಹಿಡಿಯಿತು
ನಿಲ್ಲೋಕೆ.