ಮರಿಗೆ

ಬಸ್ಸಿಳಿದವನೇ ಯರೇಮಾ ಕೇಳಿದ:
ನೆಲಮಾಳಿಗೆ ಎಲ್ಲಿದೆ?
ಆಲೂಗಡ್ಡೆ ಇಡುವುದೊಂದಿತ್ತು, ತೋರಿಸಿದೆ.
ಮೆಟ್ಟಿಲು ಎಣಿಸಿಕೊಂಡ, ಹನ್ನೊಂದು.
ಆಮೇಲೆ ಸೂಪು ಕುಡಿದ.

ಕಾರ್ಪಾಥಿಯನ್ ಬೆಟ್ಟದಲ್ಲಿ ಇಪ್ಪತ್ತೊಂದು ದಿನದ ಶಿಬಿರ.
ಮಕ್ಕಳು ಇಪ್ಪತ್ಮೂರು. ಹಾರ್ಕಿವ್‌ನವರು, ನಿಕೊಪೊಲ್‌ನವರು,
ಒಬ್ಬಳು, ಜ್ಲಾತಾ,
ಈಗ ನಕ್ಷೆಯಲ್ಲಷ್ಟೇ ಉಳಿದ ಊರಿನವಳು.

ರಾತ್ರಿ ಫೋನುಗಳೆಲ್ಲ ನನ್ನ ಹತ್ತಿರ, ಅದೊಂದೇ ನಿಯಮ.
ನಾನು ಅಡುಗೆಯವಳು, ನಿದ್ದೆ ಕಡಿಮೆ.
ಹಿಟ್ಟು ನಾದುವ ಮರಿಗೆಯಲ್ಲಿ ಸಾಲಾಗಿ ಮಲಗಿಸುತ್ತೇನೆ,
ಗಾಜು ಸೀಳಿದವು, ಬೆನ್ನಿಗೆ ಬೆಕ್ಕಿನ ಚಿತ್ರ ಅಂಟಿಸಿಕೊಂಡವು.
ಮೇಲೆ ಉಣ್ಣೆಯ ಕಂಬಳಿ.

ಒಂದೂವರೆಗೆ ಶುರು.
ಮೊದಲು ಒಂದು ಊಳಿಡುತ್ತದೆ,
ಹಿಂದೆಯೇ ಆ ಊರಿನವೆಲ್ಲ.
ಮಕ್ಕಳು ಮಲಗಿದ್ದಾರೆ. ಅವರ ಊರು ಎದ್ದಿದೆ,
ನನ್ನ ಮರಿಗೆಯಲ್ಲಿ.

ಆರಿಸಿಬಿಡಬಹುದಿತ್ತು. ಕೈ ಬರಲಿಲ್ಲ.
ಅವರ ಅಮ್ಮಂದಿರು ಕತ್ತಲಲ್ಲಿ ಮೆಟ್ಟಿಲಿಳಿಯುವ ಹೊತ್ತು
ಇಲ್ಲಿ ಯಾರಾದರೊಬ್ಬರು ಎದ್ದಿರಬೇಕಲ್ಲ.
ಕಂಬಳಿಯ ಮೇಲೆ ಮೆಲ್ಲಗೆ ತಟ್ಟುತ್ತ ಕೂರುತ್ತೇನೆ,
ಹಸುಗೂಸನ್ನು ತಟ್ಟಿದ ಹಾಗೆ,
‘ಅಪಾಯ ಕಳೆಯಿತು’ ಅನ್ನುವವರೆಗೆ.
ಒಮ್ಮೊಮ್ಮೆ ಅನ್ನುವ ಮೊದಲೇ ಬೆಳಗಾಗುತ್ತದೆ,
ಒಲೆ ಹೊತ್ತಿಸಬೇಕಾಗುತ್ತದೆ.

ಹಗಲಿಡೀ ಕಾಡಿನ ನೀಲಿ ಹಣ್ಣು ತಿಂದು
ನಾಲಗೆ ಚಾಚಿ ಜಗಳ, ಯಾರದ್ದು ಹೆಚ್ಚು ನೀಲಿ ಎಂದು.
ಹೊಳೆಗಿಳಿದರೆ ಕಿರುಚಾಟ.
ಬರೀ ತಣ್ಣೀರಿಗೆ ಕಿರುಚುವುದು!
ಕೈಯಲ್ಲಿದ್ದ ಈರುಳ್ಳಿ ಬಿಟ್ಟು ಬಾಗಿಲಿಗೆ ಬಂದು
ಕೇಳುತ್ತ ನಿಂತುಬಿಡುತ್ತೇನೆ.

ಒಂದು ಮಧ್ಯಾಹ್ನ ಗುಡುಗಿತು.
ತಟ್ಟೆಗಳು ಮೇಜಿನ ಮೇಲೆ, ಮಕ್ಕಳು ಮೇಜಿನ ಕೆಳಗೆ,
ಕಣ್ಣು ಮಿಟುಕಿಸುವಷ್ಟರಲ್ಲಿ.
ಮಂಡಿ ನೋವಿನ ನಾನೂ ತೂರಿಕೊಂಡೆ,
ಸೌಟು ಕೈಯಲ್ಲೇ ಇತ್ತು.
ಯರೇಮಾ ಕಿವಿಗೊಟ್ಟ. ನಾಡಿ ಹಿಡಿದ ವೈದ್ಯನಂತೆ
ತಡೆದು ಹೇಳಿದ: ‘ಇದು ನಮ್ಮದಲ್ಲ.
ಆಕಾಶದ್ದೇ.’

ಆಗ ನೋಡಿದೆ, ಜ್ಲಾತಾಳ ಹಣೆಯ ಮೇಲೆ ಕೆಂಪು, ಇಳಿಯುತ್ತಿದೆ.
ನನ್ನ ಉಸಿರು ನಿಂತಿತು.
ಅವಳು ಬೆರಳಲ್ಲಿ ಒರೆಸಿ ನೆಕ್ಕಿದಳು.
‘ಬೀಟ್‌ರೂಟು,’ ಅಂದಳು. ‘ಉಪ್ಪು ಸಾಲದು.’

ಕೊನೆಯ ಬೆಳಿಗ್ಗೆ ಹೆಸರು ಕರೆದು ಕರೆದು ಕೊಟ್ಟೆ.
ಫೋನುಗಳ ಸಂದಿಯಲ್ಲೆಲ್ಲ ಹಿಟ್ಟು.
ಯರೇಮಾ ಊದಿದ, ಹೋಗಲಿಲ್ಲ.
‘ಇರಲಿ ಬಿಡಿ,’ ಅಂದು ಜೇಬಿಗಿಟ್ಟ.
ಬಸ್ಸು ತಿರುವು ದಾಟಿತು.

ಇವತ್ತು ರಾತ್ರಿ ಮರಿಗೆ ಬರಿದು.
ಒಂದೂವರೆಗೆ ಎಚ್ಚರಾಯಿತು.
ಏನೂ ಕೇಳಿಸಲಿಲ್ಲ,
ಹೊಳೆಯೂ ಕೂಡ, ಅಥವಾ ನನಗೆ ಹಾಗನ್ನಿಸಿತು.
ಎದ್ದೆ, ದೀಪ ಹಚ್ಚಲಿಲ್ಲ,
ಹನ್ನೊಂದು ಮೆಟ್ಟಿಲಿಳಿದು
ಆಲೂಗಡ್ಡೆಗಳ ಪಕ್ಕ ಕೂತೆ.