ಮುಕ್ಕಾಲು ಎಕರೆ ನೀರು

ಆರ್ಫಾ ಲಿಂಡ್‌ಕ್ವಿಸ್ಟಳ ಹೊಂಡದಲ್ಲಿ ಮೀನಿಗೇನೂ ಬರವಿಲ್ಲ.
ರೊಟ್ಟಿಯ ಚೂರು ಎಸೆದರೆ ಸಾಕು, ನೀರು ಕುದಿಯುತ್ತದೆ.
ಎಲ್ಲವೂ ಬ್ಲೂಗಿಲ್, ಎಲ್ಲವೂ ನಾಲ್ಕೇ ಬೆರಳು,
ಹುರಿದರೆ ಬರೀ ಮುಳ್ಳು, ಹುರಿಯದಿದ್ದರೆ ಬೆಕ್ಕಿಗೆ.

ದಕ್ಷಿಣ ಅಯೋವಾದ ಮೆಕ್ಕೆಜೋಳದ ನಡುವೆ
ದನ ಕುಡಿಯಲೆಂದು ಗಂಡ ತೋಡಿಸಿದ ಮುಕ್ಕಾಲು ಎಕರೆ.
ದನ ಹೋದವು, ಗಂಡನೂ ಹೋದ,
ನೀರು ಮಾತ್ರ ವರ್ಷಾ ವರ್ಷಾ ಹೆರುತ್ತಲೇ ಇತ್ತು.

ಮೇ ತಿಂಗಳಲ್ಲಿ ಮೀನು ಇಲಾಖೆಯ ಹುಡುಗ ಬಂದ,
ಟೋಬಿನ್ ರಸ್ಕ್. ಎದೆಮಟ್ಟ ರಬ್ಬರಿನ ಷರಾಯಿ.
ಬಲೆ ಎಳೆದು, ಒಂದನ್ನು ಹಿಡಿದು,
ಉಗುರಲ್ಲಿ ಒಂದು ಹುರುಪೆ ಎಬ್ಬಿಸಿ,
ಭೂತಗನ್ನಡಿಯ ಕೆಳಗಿಟ್ಟು ಅವಳ ಕೈಗೆ ಕೊಟ್ಟ:
‘ಎಣಿಸಿ ಅಮ್ಮಾ, ಮರದೊಳಗಿನ ಹಾಗೆ ಬಳೆಗಳಿರುತ್ತವೆ.’

ಒಂದು. ಎರಡು.
ಮೂರು, ನಾಲ್ಕು ಮೈಗೆ ಮೈ ಒತ್ತಿಕೊಂಡಿದ್ದವು.
ಐದನೆಯದು ಕೂದಲೆಳೆ.
ಮರಿಯಲ್ಲ ಇದು, ಐದು ಚಳಿಗಾಲ ಕಂಡ ಜೀವ.
ಮೈ ನಿಂತುಹೋಗಿ
ಕಣ್ಣೊಂದೇ ಬೆಳೆದಿತ್ತು, ಮುಖಕ್ಕೆ ಮೀರಿ.

‘ಹಸಿವು ಇವನ್ನು ಕೊಲ್ಲುವುದಿಲ್ಲ’ ಎಂದ ಹುಡುಗ,
‘ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ.’

ಮುಂದಿನ ವಾರ ಲಾರಿಯ ತೊಟ್ಟಿಯಲ್ಲಿ
ಗುಳುಗುಳು ಗಾಳಿ ಕುಡಿಯುತ್ತಾ ಬಂದವು
ಗೇಣುದ್ದದ ಬಾಸ್, ನೂರರ ಹತ್ತಿರ.
(ಮರಿ ಬಿಟ್ಟರೆ ಇವೇ ತಿಂದು ಮುಗಿಸುತ್ತವಂತೆ.)
ಬಕೆಟ್ಟನ್ನು ಹೊಂಡದಲ್ಲಿ ತೇಲಿಬಿಟ್ಟು
ನೀರಿಗೆ ನೀರು ಒಗ್ಗುವವರೆಗೆ ಕಾದರು ಇಬ್ಬರೂ,
ಬೀಗರು ಮಾತಿಗೆ ಕಾಯುವ ಹಾಗೆ.

‘ಬಾಸ್ ಸಿಕ್ಕರೆ ವಾಪಸು ಬಿಡಿ, ಒಂದನ್ನೂ ತಿನ್ನಬೇಡಿ.
ಇವು ದೊಡ್ಡವಾಗಕೂಡದು.
ಕಿಕ್ಕಿರಿದಿರಬೇಕು, ಬಡಕಲಾಗಿರಬೇಕು,
ಯಾವಾಗಲೂ ಬಾಯಿ ತೆರೆದೇ ಇರಬೇಕು.’
ಆರ್ಫಾ ಅಂದಳು: ‘ಅಂದರೆ ಹಸಿವನ್ನು
ಈ ಹೊಟ್ಟೆಯಿಂದ ಆ ಹೊಟ್ಟೆಗೆ ವರ್ಗ ಮಾಡಿದೆ ನಿನ್ನ ಇಲಾಖೆ.’
ಹುಡುಗ ನಕ್ಕ. ರಸೀದಿ ಹರಿದು ಕೊಟ್ಟ.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ
ಎಂಬಲ್ಲಿಗೆ ನ್ಯಾಯ ನಿಲ್ಲಿಸಿದರು ಹಿಂದಿನವರು.
ನುಂಗಿಸಿಕೊಳ್ಳದೆ ಉಳಿದದ್ದು
ಆ ರಾತ್ರಿ ಏನು ಉಂಡಿತು
ಯಾರೂ ಕೇಳಲಿಲ್ಲ.

ಅಡುಗೆಮನೆಯ ಕಿಟಕಿಗೆ ಕೇಳುತ್ತಿತ್ತು ಕತ್ತಲಲ್ಲಿ:
ಚಪ್.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಮತ್ತೆ, ಜೊಂಡಿನ ಹತ್ತಿರ, ಚಪ್.
ಎರಡನೆಯ ಬೇಸಿಗೆಗೆ ದಡದ ಗಿಜಿಗಿಜಿ ನಿಂತಿತು.
ರೊಟ್ಟಿಯ ಚೂರು ಹಾಗೇ ತೇಲುತ್ತಾ
ನೆನೆದು ಮುಳುಗಿತು.

ಮೂರನೆಯ ಜೂನ್. ಎರೆಹುಳ, ಬೆಂಡು, ಮಡಿಸುವ ಕುರ್ಚಿ.
ಗಾಳ ಬಿಲ್ಲಾಯಿತು.
ಬಂದದ್ದು ತಟ್ಟೆಯಗಲದ ಬ್ಲೂಗಿಲ್,
ಎದೆ ತಾಮ್ರದ ಹಂಡೆಯ ಬಣ್ಣ,
ಒಂದು ಕೈಗೆ ಹಿಡಿತವೇ ಸಿಗದು.
ಕೊಯ್ಯುವ ಮುನ್ನ ಹುರುಪೆ ಎಬ್ಬಿಸಿದಳು,
ಹುಡುಗ ಮರೆತುಹೋದ ಗಾಜು ತಂದಳು.
ಇಕ್ಕಟ್ಟಿನ ಮೂರು ಬಳೆ,
ಆಮೇಲೆ ಒಮ್ಮೆಗೇ ಬಯಲು.

ಬೆಣ್ಣೆ ಚಿರ್ರೆಂದಿತು. ಅವಳು ಕೂತಳು.

ಒಂಬತ್ತು ಬಟ್ಟಲಿದ್ದವು ಅಮ್ಮನ ಮೇಜಿನ ಮೇಲೆ,
ಸೌಟು ಒಂದೇ ಸುತ್ತು ಬರುತ್ತಿತ್ತು.
ಆ ಫೆಬ್ರವರಿ ಗಂಟಲಮಾರಿ ಹೊಕ್ಕಿತು,
ಎಸ್ಕಿಲ್ ಸೋಮವಾರ, ಸಿಗ್ನೆ ಶನಿವಾರ.
ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯದೆ
ಕೊಟ್ಟಿಗೆಯಲ್ಲೇ ಮಾರ್ಚ್‌ವರೆಗೆ ಇಟ್ಟಿದ್ದರು.
ಒಂದು ಸಂಜೆ ಸೌಟು ಎರಡನೆಯ ಸುತ್ತು ಬಂತು.
ಯಾರೂ ಬೇಡ ಅನ್ನಲಿಲ್ಲ.
ಎಸ್ಕಿಲ್‌ನ ಬೂಟು ಅವಳ ಕಾಲಿಗೆ ಸರಿಹೋಯಿತು.
ವಸಂತಕ್ಕೆ ಅಪ್ಪ ಬಾಗಿಲಚೌಕಟ್ಟಿಗೆ ನಿಲ್ಲಿಸಿ
ಸೀಸದಕಡ್ಡಿಯಲ್ಲಿ ಗೀಟು ಹಾಕಿದ:
ಮೂರು ಬೆರಳು ಮೇಲೆ.
ನೋಡಿದ. ಕಡ್ಡಿಯನ್ನು ಜೇಬಿಗೆ ಹಾಕಿಕೊಂಡ.

ಮೀನು ರುಚಿಯಾಗಿತ್ತು. ಪೂರ್ತಿ ತಿಂದಳು.

ಹೊರಗೆ ಪಕ್ಕದ ಮನೆಯ ಡೆವಿಟ್ ಕೂಗುತ್ತಿದ್ದ.
ಅವನ ಕೈಯಲ್ಲಿ ಬಾಸ್: ತಲೆ ದೊಡ್ಡದು,
ಹೊಟ್ಟೆ ಬೆನ್ನಿಗೆ ಹತ್ತಿತ್ತು,
ಕಣ್ಣು ಮುಖಕ್ಕೆ ಮೀರಿತ್ತು.
‘ಇಟ್ಟುಕೊಳ್ಳಲಾ?’
ಅವಳು ಮೆಟ್ಟಿಲ ಮೇಲೆ ತುಸು ಹೊತ್ತು ನಿಂತಳು,
ಬೆರಳಿಗೆ ಇನ್ನೂ ಬೆಣ್ಣೆಯ ಜಿಡ್ಡು.
‘ಬಿಡು’ ಎಂದಳು. ‘ನಿಧಾನ.
ಮೊದಲು ಕೈ ಒದ್ದೆ ಮಾಡಿಕೋ.’